ಬೇಸಿಗೆಯಲ್ಲೂ ಉಳಿಯುವ ಹಾಗೆ ಸೀಲ್ಡ್ ಬ್ಯಾಟರಿ ಚಾರ್ಜ್ ಮಾಡುವುದು: ಪಂಪ್, ಕಾಟಾ, ಯುಪಿಎಸ್ ಇಟ್ಟುಕೊಂಡವರಿಗೆ ಸಮಗ್ರ ಮಾರ್ಗದರ್ಶಿ

ಜೂನ್ ಕೊನೆಯ ವಾರ ಎರಡು ಒಳ್ಳೆ ಮಳೆ ಬಿತ್ತೆಂದರೆ ಸಾಕು, ಕಲಬುರಗಿಯ ನಮ್ಮ ರಿಪೇರಿ ಅಂಗಡಿ ಮುಂದೆ ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಬ್ಯಾಟರಿ ಪಂಪ್‌ಗಳು ಸಾಲಾಗಿ ಬಂದು ಕೂರುತ್ತವೆ. ಜೇವರ್ಗಿ ಕಡೆಯವರು, ಆಳಂದ ಕಡೆಯವರು, ಚಿತ್ತಾಪುರದವರು. ಎಲ್ಲರದ್ದೂ ಒಂದೇ ಮಾತು: "ಹೋದ ಸಲ ತೊಗರಿಗೆ ಹೊಡೆದಾಗ ಚೊಲೋ ಇತ್ರಿ. ಈಗ ಸ್ವಿಚ್ ಹಾಕಿದ್ರ ಸುಮ್ನ ಕುಂತದ." ಬಿಚ್ಚಿ ನೋಡಿದರೆ ಮೋಟರ್ ಸರಿ ಇರುತ್ತದೆ, ವೈರ್ ಸರಿ ಇರುತ್ತದೆ. ಬ್ಯಾಟರಿ ಸತ್ತಿರುತ್ತದೆ. ಕೊನೆಯ ಸಲ ಯಾವಾಗ ಚಾರ್ಜ್ ಮಾಡಿದಿರಿ ಅಂತ ಕೇಳಿದರೆ ಯೋಚಿಸುತ್ತಾರೆ. ಡಿಸೆಂಬರಿನಲ್ಲಿ ಹೊಡೆದದ್ದು, ಆಮೇಲೆ ತಗಡಿನ ಶೆಡ್ಡಿನಲ್ಲಿ ಇಟ್ಟದ್ದು, ಅಷ್ಟೇ ನೆನಪು.

ಕೆಲಸ ಮಾಡಿ ಮಾಡಿ ಸವೆದ ಬ್ಯಾಟರಿ ನನ್ನ ಮೇಜಿಗೆ ಬರುವುದು ಕಡಿಮೆ. ಖಾಲಿ ಹೊಟ್ಟೆಯಲ್ಲಿ ನಾಲ್ಕೈದು ತಿಂಗಳು ನಮ್ಮ ಬಿಸಿಲು ತಿಂದು ಸತ್ತದ್ದೇ ಜಾಸ್ತಿ. ರೈತ ದುಡಿದ ದುಡ್ಡು ಹೀಗೆ ಪ್ರತಿ ವರ್ಷ ಹೊಸ ಬ್ಯಾಟರಿಗೆ ಹೋಗುವುದನ್ನು ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪಂಪ್ ಇಲ್ಲದವರಿಗೂ ಇದು ಬೇಕಾಗುತ್ತದೆ. ಗಂಜಿನ (ದವಸದ ಮಾರುಕಟ್ಟೆಯ) ಅಡತಿ ಅಂಗಡಿಯಲ್ಲಿ ತೂಕ ಮಾಡುವ ಎಲೆಕ್ಟ್ರಾನಿಕ್ ಕಾಟಾ, ಜೆರಾಕ್ಸ್ ಅಂಗಡಿಯ ಯುಪಿಎಸ್, ಹಂದಿ ಕಾಟಕ್ಕೆ ಹೊಲದ ಸುತ್ತಲಿನ ತಂತಿಗೆ ಶಾಕ್ ಕೊಡುವ ಝಟ್ಕಾ ಮಷಿನ್, ಮಕ್ಕಳು ಕುಳಿತು ಓಡಿಸುವ ಆಟದ ಕಾರು, ಹಳೆಯ ಎಮರ್ಜೆನ್ಸಿ ಲೈಟ್, ಇವುಗಳ ಒಳಗೆ ಸಾಮಾನ್ಯವಾಗಿ ಇರುವುದು ಇದೇ ಜಾತಿಯ ಸೀಲ್ಡ್ ಬ್ಯಾಟರಿ, ಅಂದರೆ ನೀರು ಹಾಕುವ ಕೆಲಸ ಇಲ್ಲದ, ಮುಚ್ಚಿದ ಸೀಸ ಮತ್ತು ಆಸಿಡ್ಡಿನ ಬ್ಯಾಟರಿ. ಮನೆಯ ಇನ್ವರ್ಟರಿನ ದೊಡ್ಡ ಟ್ಯೂಬುಲರ್ ಬ್ಯಾಟರಿ ಬೇರೆ. ಅದಕ್ಕೆ ನೀರು ಹಾಕಬೇಕು, ಅದರ ಲೆಕ್ಕವೂ ಬೇರೆ.

ಒಳಗೆ ಏನು ನಡೆಯುತ್ತದೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಯಾವ ಮಾತನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ಹಾಳೆ ಮತ್ತು ಸಲ್ಫ್ಯೂರಿಕ್ ಆಸಿಡ್ ಸೇರಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಿದ. ನಿಮ್ಮ ಪಂಪಿನಲ್ಲಿ ಇರುವುದೂ ಅದೇ ಸೀಸ, ಅದೇ ಆಸಿಡ್. 12 ವೋಲ್ಟಿನ ಡಬ್ಬಿಯೊಳಗೆ ಆರು ಸೆಲ್ ಇರುತ್ತವೆ. ಒಂದೊಂದೂ ಎರಡು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ. ಸೀಲ್ಡ್ ಬ್ಯಾಟರಿಯಲ್ಲಿ ಆಸಿಡ್ ಕುಲುಕಾಡುವುದಿಲ್ಲ. ಗಾಜಿನ ನಾರಿನ ತೆಳು ಹಾಸು ಅದನ್ನು ಹೀರಿಕೊಂಡು ಹಿಡಿದಿರುತ್ತದೆ.

ಬ್ಯಾಟರಿ ಖರ್ಚಾದಂತೆ ಎರಡೂ ಕಡೆಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕಟ್ಟುತ್ತದೆ. ಚಾರ್ಜ್ ಮಾಡಿದರೆ ಅದು ಕರಗಿ ವಾಪಸ್ ಹೋಗುತ್ತದೆ. ನಮ್ಮ ಬೋರ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುತ್ತದಲ್ವಾ? ಅವತ್ತೇ ತಿಕ್ಕಿದರೆ ಹೋಗುತ್ತದೆ, ಆರು ತಿಂಗಳು ಬಿಟ್ಟರೆ ಕಲ್ಲಾಗುತ್ತದೆ. ಸಲ್ಫೇಟಿನದೂ ಅದೇ ಕಥೆ. ಕಲ್ಲಾದ ಮೇಲೆ ಎಂಥ ಚಾರ್ಜರ್ ತಂದರೂ ಪೂರ್ತಿ ಕರಗುವುದಿಲ್ಲ.

ಇನ್ನೊಂದು ವಿಷಯ ನೀರಿನದು. ಚಾರ್ಜ್ ತುಂಬುತ್ತಾ ಬಂದಾಗ ಪ್ಲಸ್ ತಟ್ಟೆಯಲ್ಲಿ ಆಕ್ಸಿಜನ್ ಹುಟ್ಟುತ್ತದೆ. ಅದು ಹಾಸಿನ ಸಂದಿಯಲ್ಲಿ ದಾಟಿ ಮೈನಸ್ ತಟ್ಟೆಗೆ ಹೋಗಿ ಮತ್ತೆ ನೀರಾಗುತ್ತದೆ. ಇದಕ್ಕೇ ಈ ಬ್ಯಾಟರಿಗೆ ನೀರು ಹಾಕುವ ಕೆಲಸ ಇಲ್ಲ. ಆದರೆ ವೋಲ್ಟೇಜ್ ಜಾಸ್ತಿ ಕೊಟ್ಟು ದಬಾಯಿಸಿದರೆ ಗ್ಯಾಸ್ ವಾಪಸ್ ನೀರಾಗುವುದಕ್ಕಿಂತ ಜೋರಾಗಿ ಹುಟ್ಟುತ್ತದೆ. ಮೇಲಿನ ಪಟ್ಟಿಯ ಕೆಳಗೆ ಇರುವ ರಬ್ಬರ್ ವಾಲ್ವ್ ತೆರೆದು ಗ್ಯಾಸ್ ಹೊರಗೆ ಬಿಡುತ್ತದೆ. ಹಾಗೆ ಹೋದ ನೀರು ಹೋದಂತೆಯೇ.

ಅಂದರೆ ಕಡಿಮೆ ಚಾರ್ಜ್ ಆದರೆ ತಟ್ಟೆ ಕಲ್ಲಾಗುತ್ತದೆ, ಜಾಸ್ತಿ ಆದರೆ ಒಳಗೆ ಒಣಗುತ್ತದೆ. ಇವೆರಡರ ನಡುವಿನ ದಾರಿ ಕಿರಿದು.

ಮೊದಲು ಮೈಮೇಲಿನ ಬರಹ ಓದಿ

ಬ್ಯಾಟರಿಯ ಪಕ್ಕದಲ್ಲಿ ಅಚ್ಚಾಗಿರುವುದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅಲ್ಲಿ ಬೇಕಾದ್ದೆಲ್ಲ ಇರುತ್ತದೆ. ಪಂಪಿನದಾದರೆ ಸಾಮಾನ್ಯವಾಗಿ 12 ವೋಲ್ಟ್ 8 ಎಎಚ್ ಅಥವಾ 12 ಎಎಚ್, ಯುಪಿಎಸ್ಸಿನದಾದರೆ 12 ವೋಲ್ಟ್ 7 ಎಎಚ್. ಎಎಚ್ ಅಂದರೆ ಆಂಪಿಯರ್ ಅವರ್, ಎಷ್ಟು ತುಂಬುತ್ತದೆ ಎನ್ನುವ ಅಳತೆ.

ಅದರ ಕೆಳಗೆ ಎರಡು ಸಾಲು ಹುಡುಕಿ. ಸೈಕಲ್ ಯೂಸ್ ಎದುರಿಗೆ 14.4ರಿಂದ 15 ವೋಲ್ಟ್ ನಡುವಿನ ಅಂಕಿ ಇರುತ್ತದೆ. ಸ್ಟ್ಯಾಂಡ್‌ಬೈ ಯೂಸ್ ಎದುರಿಗೆ 13.5ರಿಂದ 13.8ರ ಆಸುಪಾಸು ಇರುತ್ತದೆ. ಮೊದಲನೆಯದು ಪಂಪಿನಂತೆ ಖಾಲಿ ಮಾಡಿ ತುಂಬಿಸುವ ಕೆಲಸಕ್ಕೆ. ಎರಡನೆಯದು ಯುಪಿಎಸ್ಸಿನಂತೆ ದಿನವಿಡೀ ಚಾರ್ಜಿನಲ್ಲೇ ಕೂರುವ ಕೆಲಸಕ್ಕೆ. ಪಂಪಿನ ವೋಲ್ಟೇಜಿನಲ್ಲಿ ತಿಂಗಳುಗಟ್ಟಲೆ ಕೂರಿಸಿದರೆ ಯುಪಿಎಸ್ ಬ್ಯಾಟರಿ ಒಣಗುತ್ತದೆ. ಯುಪಿಎಸ್ಸಿನ ವೋಲ್ಟೇಜಿನಲ್ಲಿ ಒಂದು ರಾತ್ರಿ ಇಟ್ಟರೆ ಪಂಪ್ ಬ್ಯಾಟರಿ ಪೂರ್ತಿ ತುಂಬುವುದಿಲ್ಲ.

ಇನಿಶಿಯಲ್ ಕರೆಂಟ್ ಎಂಬ ಮೂರನೆಯ ಸಾಲೂ ಇರುತ್ತದೆ. ಅದು ಮೀರಬಾರದ ಗೆರೆ. 7 ಎಎಚ್ ಬ್ಯಾಟರಿಗೆ ಸಾಮಾನ್ಯವಾಗಿ 2.1 ಆಂಪಿಯರ್ ಬರೆದಿರುತ್ತಾರೆ, ಅಂದರೆ ಎಎಚ್ ಅಂಕಿಯ ಶೇಕಡಾ 30. ನಾನಂತೂ ಶೇಕಡಾ 10ರಿಂದ 20ರ ಒಳಗೇ ಇರುತ್ತೇನೆ. 8 ಎಎಚ್‌ಗೆ 0.8 ಆಂಪಿಯರ್ ಬಹಳ ಹಿತ, 1.6 ಆದರೂ ಅಡ್ಡಿಯಿಲ್ಲ. ನಿಧಾನ ತುಂಬಿದ ಬ್ಯಾಟರಿ ಬಿಸಿಯಾಗುವುದಿಲ್ಲ. ನಮ್ಮ ಊರಿನ ಹವೆಗೆ ಅದೇ ದೊಡ್ಡ ಲಾಭ.

ಕಾಟಾ ಮತ್ತು ಆಟಿಕೆ ಕಾರಿನಲ್ಲಿ 6 ವೋಲ್ಟಿನ ಬ್ಯಾಟರಿ ಇದ್ದರೆ ಮೇಲಿನ ವೋಲ್ಟೇಜುಗಳನ್ನು ಅರ್ಧ ಮಾಡಿ. ಎಮರ್ಜೆನ್ಸಿ ಲೈಟಿನ 4 ವೋಲ್ಟಿನದಕ್ಕೆ ಮೂರರಲ್ಲಿ ಒಂದು ಭಾಗ.

ಮತ್ತೆ ಒಂದು ಎಚ್ಚರ. ಈಗ ಕೆಲವು ಪಂಪ್‌ಗಳಲ್ಲಿ ಲಿಥಿಯಂ ಬ್ಯಾಟರಿ ಬರುತ್ತಿದೆ. ಡಬ್ಬಿ ಕೈಗೆತ್ತಿಕೊಂಡರೆ ಹಗುರ ಇರುತ್ತದೆ. ಸೀಸದ್ದಾದರೆ 8 ಎಎಚ್ ಬ್ಯಾಟರಿಯೇ ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ. ಲಿಥಿಯಂಗೆ ಅದರದೇ ಚಾರ್ಜರ್ ಬೇಕು. ಇದರ ಚಾರ್ಜರ್ ಅದಕ್ಕೆ, ಅದರದು ಇದಕ್ಕೆ ಯಾವತ್ತೂ ಹಾಕಬೇಡಿ.

ಒಂದು ಮೀಟರ್ ತಂದುಕೊಳ್ಳಿ

ಇನ್ನೂರು ಮುನ್ನೂರು ರೂಪಾಯಿಯ ಹಳದಿ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟಿನ ಗುರುತಿಗೆ ತಿರುಗಿಸಿ, ಕೆಂಪು ಮುಳ್ಳು ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಹಿಡಿಯಿರಿ. ಚಾರ್ಜರ್ ತೆಗೆದ ಕೂಡಲೇ ನೋಡಿದರೆ ಮೀಟರ್ ಸುಳ್ಳು ಹೇಳುತ್ತದೆ. ಪಂಪ್ ಓಡಿಸಿ ನಿಲ್ಲಿಸಿದ ಕೂಡಲೇ ನೋಡಿದರೂ ಅಷ್ಟೇ. ನಾಲ್ಕೈದು ಗಂಟೆ ಸುಮ್ನೆ ಬಿಟ್ಟು ನೋಡಿ.

12.8 ಅಥವಾ ಮೇಲೆ ಇದ್ದರೆ ತುಂಬಿದೆ. 12.5ರ ಹತ್ತಿರ ಇದ್ದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ. 11.8ಕ್ಕಿಂತ ಕೆಳಗೆ ಇದ್ದರೆ ಖಾಲಿ, ಇವತ್ತೇ ಚಾರ್ಜಿಗೆ ಹಾಕಬೇಕು. ಚಾರ್ಜ್ ಮಾಡಿ ಬಿಟ್ಟ ಮೇಲೂ 10.5ರ ಸುತ್ತ ನಿಂತಿದ್ದರೆ ಆರರಲ್ಲಿ ಒಂದು ಸೆಲ್ ಹೋಗಿದೆ ಅಂತ ಲೆಕ್ಕ. ಅದಕ್ಕೆ ಔಷಧ ಇಲ್ಲ.

ಚಾರ್ಜರ್ ಯಾವುದು

ಪಂಪಿನ ಜೊತೆ ಬಂದ ಚಾರ್ಜರ್ ಇದ್ದರೆ ಅದೇ ಒಳ್ಳೆಯದು. ಹೊಸದು ತರುವುದಾದರೆ ಸೀಲ್ಡ್ ಲೆಡ್ ಆಸಿಡ್ ಎಂದು ಬರೆದ, ತುಂಬಿದ ಮೇಲೆ ತಾನೇ ವೋಲ್ಟೇಜ್ ಇಳಿಸುವ ಚಾರ್ಜರ್ ಕೇಳಿ. ಅದು ಮೂರು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ಒಂದೇ ಸಮ ಕರೆಂಟ್ ಕೊಡುತ್ತದೆ. ವೋಲ್ಟೇಜ್ 14.5ರ ಸುತ್ತ ಏರಿದ ಮೇಲೆ ಅಲ್ಲೇ ಹಿಡಿದು, ಕರೆಂಟ್ ತಾನಾಗಿ ಇಳಿಯಲು ಬಿಡುತ್ತದೆ. ಕೊನೆಗೆ 13.6ರ ಹತ್ತಿರಕ್ಕೆ ಇಳಿದು ಕಾಯುತ್ತದೆ.

ಕೈಗೆ ಸಿಕ್ಕಿದ ಅಡಾಪ್ಟರ್ ಹಾಕುವ ಅಭ್ಯಾಸ ಬಹಳ ಜನರಿಗೆ ಇದೆ. ಸಿಸಿಟಿವಿ ಕ್ಯಾಮೆರಾದ 12 ವೋಲ್ಟ್ ಅಡಾಪ್ಟರ್‌ನಿಂದ 12 ವೋಲ್ಟಿನ ಬ್ಯಾಟರಿ ತುಂಬುವುದಿಲ್ಲ. ನೀರು ಹರಿಯಬೇಕಾದರೆ ಮೇಲಿನ ತೊಟ್ಟಿ ಎತ್ತರದಲ್ಲಿ ಇರಬೇಕಲ್ವಾ, ಹಾಗೆ. ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್ ಹಾಕಿದರೆ ಅದು ಬ್ಯಾಟರಿಯನ್ನು ಬೇಯಿಸಿಬಿಡುತ್ತದೆ. ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುವ ದೊಡ್ಡ ಚಾರ್ಜರ್ ಹತ್ತು ಹದಿನೈದು ಆಂಪಿಯರ್ ನುಗ್ಗಿಸುತ್ತದೆ. 8 ಎಎಚ್ ಬ್ಯಾಟರಿಗೆ ಅದು ಆಗದ ಮಾತು.

ನಾನು ಅಂಗಡಿ ಹಾಕಿದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೇನೆ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರಿಗೆ ಒಂದು ಕಾಟಾದ ಬ್ಯಾಟರಿ ಕಟ್ಟಿ ರಾತ್ರಿ ಹಾಗೇ ಬಿಟ್ಟು ಹೋದೆ. ಬೆಳಿಗ್ಗೆ ಶಟರ್ ಎತ್ತಿದರೆ ಕೊಳೆತ ಮೊಟ್ಟೆಯ ವಾಸನೆ. ಬ್ಯಾಟರಿಯ ಎರಡೂ ಬದಿ ಹೊಟ್ಟೆಯಂತೆ ಉಬ್ಬಿತ್ತು, ಮುಟ್ಟಲಾಗದಷ್ಟು ಬಿಸಿ. ಸ್ವಿಚ್ ಆರಿಸಿ ಹೊರಗೆ ಬಂದು ನಿಂತೆ. ಕಾಟಾದವರಿಗೆ ಹೊಸ ಬ್ಯಾಟರಿ ಕೊಡಿಸಿದೆ. ಅಂದಿನಿಂದ ಯಾರೂ ಇಲ್ಲದ ಕಡೆ ಅಂಥ ಚಾರ್ಜರ್ ಚಾಲೂ ಬಿಟ್ಟಿಲ್ಲ.

ಆ ಚಾರ್ಜರ್‌ಗಳಿಗೆ ಇನ್ನೊಂದು ಕೊರತೆಯೂ ಇದೆ. ಹಳ್ಳಿಯಲ್ಲಿ ಸಂಜೆ ಹೊತ್ತು ಲೈನ್ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಬರೀ ಟ್ರಾನ್ಸ್‌ಫಾರ್ಮರ್ ಇರುವ ಚಾರ್ಜರಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ರಾತ್ರಿಯೆಲ್ಲಾ ಹಾಕಿದರೂ ತುಂಬಲಿಲ್ಲ ಅನ್ನುವವರ ಮನೆಯಲ್ಲಿ ಎಷ್ಟೋ ಸಲ ಇದೇ ಕಾರಣ. ಮೈಮೇಲೆ 100ರಿಂದ 240 ವೋಲ್ಟ್ ಎಂದು ಬರೆದ, ಲೈನ್ ಏರಿಳಿದರೂ ಒಂದೇ ಸಮ ವೋಲ್ಟೇಜ್ ಕೊಡುವ ಹಗುರ ಎಸ್‌ಎಂಪಿಎಸ್ ಚಾರ್ಜರ್ ತಂದರೆ ಈ ತೊಂದರೆ ಇಲ್ಲ.

ಈಗ ಚಾರ್ಜ್ ಮಾಡೋಣ

1. ಪಂಪ್ ಹೊಲದಿಂದ ಬಂದಿದ್ದರೆ ಮೊದಲು ಹೊರಗೆ ನೀರು ಹಾಕಿ ಒರೆಸಿ. ಚಾರ್ಜಿಂಗ್ ಸಾಕೆಟ್ಟಿನ ಮೇಲೆ ಎಣ್ಣೆ ಬಿದ್ದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಕೈ ಸೋಪು ಹಾಕಿ ತೊಳೆದುಕೊಳ್ಳಿ. ಬಿಸಿಲಿನಲ್ಲಿ ಬೆನ್ನ ಮೇಲಿದ್ದ ಬ್ಯಾಟರಿ ಬಿಸಿಯಾಗಿರುತ್ತದೆ. ಅರ್ಧ ಒಂದು ಗಂಟೆ ನೆರಳಿನಲ್ಲಿ ಆರಲಿ.

2. ಬ್ಯಾಟರಿಯನ್ನು ಕಣ್ಣಿನಿಂದ ನೋಡಿ. ಉಬ್ಬಿದ್ದರೆ, ಸೀಳಿದ್ದರೆ, ತೇವ ಇದ್ದರೆ ಚಾರ್ಜ್ ಮಾಡಬೇಡಿ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಆಸಿಡ್ ಒಸರಿದೆ ಎಂದರ್ಥ. ಸ್ವಲ್ಪ ಇದ್ದರೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ.

3. ಜಾಗ ನೋಡಿ. ಗಾಳಿ ಆಡುವ, ನೆರಳಿನ, ಒಲೆ ಮತ್ತು ದೇವರ ದೀಪದಿಂದ ದೂರದ ಜಾಗ ಬೇಕು. ಹಾಸಿಗೆ, ಚಾಪೆ, ಹತ್ತಿ ಚೀಲದ ಮೇಲೆ ಇಡಬೇಡಿ. ಟ್ರಂಕಿನೊಳಗೆ, ಮುಚ್ಚಿದ ಕಪಾಟಿನಲ್ಲಿ ಬೇಡವೇ ಬೇಡ. ಹೊರಗೆ ಬರುವ ಗ್ಯಾಸಿನಲ್ಲಿ ಹೈಡ್ರೋಜನ್ ಇರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಶಹಾಬಾದ್ ಕಲ್ಲಿನ ನೆಲ ಇದ್ದರೆ ಅದರ ಮೇಲೇ ಇಡಿ, ತಂಪು ಇರುತ್ತದೆ. ನೆಲಕ್ಕೆ ಇಟ್ಟರೆ ಚಾರ್ಜ್ ನೆಲಕ್ಕೆ ಇಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಆ ಮಾತು ಹೊಂದುವುದಿಲ್ಲ. ತಲೆಕೆಳಗಾಗಿ ಮಾತ್ರ ಇಡಬೇಡಿ.

4. ಕೈಯ ಉಂಗುರ, ಸ್ಟೀಲ್ ಪಟ್ಟಿಯ ಗಡಿಯಾರ ತೆಗೆದಿಡಿ. ಅಕ್ಕಂದಿರು, ಅವ್ವಂದಿರು ಚಾರ್ಜಿಗೆ ಹಾಕುವಾಗ ಲೋಹದ ಬಳೆಯ ಮೇಲೆ ಗಮನ ಇರಲಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ಟರ್ಮಿನಲ್ ನಡುವೆ ಲೋಹ ಅಡ್ಡ ಬಿದ್ದರೆ ಕ್ಷಣದಲ್ಲಿ ನೂರಾರು ಆಂಪಿಯರ್ ನುಗ್ಗಿ ಅದು ಕೆಂಪಗೆ ಕಾಯುತ್ತದೆ. ಬೆರಳು ಸುಡುತ್ತದೆ.

5. ಪಂಪಿನ ಸ್ವಿಚ್ ಆಫ್ ಇರಲಿ. ಮೊದಲು ಚಾರ್ಜರನ್ನು ಬ್ಯಾಟರಿಗೆ ಸೇರಿಸಿ, ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಆಮೇಲೆ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಬ್ಯಾಟರಿಯ ವೈರ್ ಬಿಡಿಸಿ. ಹೀಗೆ ಮಾಡಿದರೆ ಬ್ಯಾಟರಿ ಹತ್ತಿರ ಕಿಡಿ ಹಾರುವುದಿಲ್ಲ. ವೈರ್ ಅದಲುಬದಲಾದರೆ ಚಾರ್ಜರ್ ಸುಡಬಹುದು, ಬ್ಯಾಟರಿಯೂ ಹಾಳಾಗಬಹುದು. ಬಣ್ಣ ಮಾಸಿದ್ದರೆ ಮೀಟರ್ ಹಿಡಿದು ಪ್ಲಸ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ.

6. ಮೊದಲ ಅರ್ಧ ಗಂಟೆ ಹತ್ತಿರವೇ ಇರಿ. ಬದಿಯನ್ನು ಕೈಯಿಂದ ಮುಟ್ಟಿ. ಸ್ವಲ್ಪ ಬೆಚ್ಚಗೆ ಇದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ, ಸುಯ್ ಅಂತ ಸದ್ದು ಬಂದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿ, ಬಾಗಿಲು ಕಿಟಕಿ ತೆಗೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಸ್ವಿಚ್ ಬ್ಯಾಟರಿ ಪಕ್ಕದಲ್ಲೇ ಇದ್ದರೆ ಮೇನ್ ಸ್ವಿಚ್ ಆರಿಸಿ. ಬೇರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಕಡ್ಡಿ ಗೀರಬೇಡಿ. ಬ್ಯಾಟರಿ ಪೂರ್ತಿ ತಣ್ಣಗಾದ ಮೇಲೆಯೇ ಮುಟ್ಟಿ.

7. ಹೊತ್ತಿನ ಲೆಕ್ಕ ಹೀಗೆ. 8 ಎಎಚ್ ಬ್ಯಾಟರಿ ಅರ್ಧ ಖಾಲಿ ಆಗಿದ್ದರೆ 4 ಎಎಚ್ ತುಂಬಬೇಕು. ಸ್ವಲ್ಪ ಶಕ್ತಿ ದಾರಿಯಲ್ಲೇ ಹೋಗುವುದರಿಂದ ಅದನ್ನು 1.2ರಿಂದ ಗುಣಿಸಿ, 4.8 ಆಗುತ್ತದೆ. ಚಾರ್ಜರ್ 0.8 ಆಂಪಿಯರ್ ಕೊಡುವುದಾದರೆ 6 ಗಂಟೆ. ಕೊನೆಯಲ್ಲಿ ಕರೆಂಟ್ ಇಳಿಯುತ್ತಾ ಹೋಗುವುದರಿಂದ ಇನ್ನೂ ಎರಡು ಮೂರು ಗಂಟೆ ಸೇರಿಸಿ. ಈ ಕೊನೆಯ ಹೊತ್ತನ್ನು ಜನ ಬಿಟ್ಟುಬಿಡುತ್ತಾರೆ. ಪ್ರತಿ ಸಲ ಅರೆಹೊಟ್ಟೆಯಲ್ಲಿ ಎಬ್ಬಿಸಿದರೆ ಉಳಿದ ಸಲ್ಫೇಟ್ ಅಲ್ಲೇ ಕಲ್ಲಾಗುತ್ತಾ ಹೋಗುತ್ತದೆ.

8. ಹಸಿರು ದೀಪ ಬಂದ ಮೇಲೆ ಒಂದು ಗಂಟೆ ಬಿಡಿ. ಆಮೇಲೆ ಚಾರ್ಜರ್ ಹಾಗೇ ಇರುವಾಗಲೇ ಬ್ಯಾಟರಿಗೆ ಮೀಟರ್ ಹಿಡಿದು ನೋಡಿ. 13.5ರಿಂದ 13.8ರ ಒಳಗೆ ಇದ್ದರೆ ಒಳ್ಳೆಯ ಚಾರ್ಜರ್, ಸ್ವಲ್ಪ ತಡವಾದರೂ ಭಯವಿಲ್ಲ. ದೀಪ ಹಸಿರಾದರೂ 14.5ರ ಮೇಲೇ ನಿಂತಿದ್ದರೆ ಆ ಚಾರ್ಜರನ್ನು ನಂಬಬೇಡಿ, ಹೊತ್ತು ನೋಡಿ ನೀವೇ ತೆಗೆಯಬೇಕು. ಈ ಪರೀಕ್ಷೆ ಒಂದು ಸಲ ಮಾಡಿದರೆ ನಿಮ್ಮ ಚಾರ್ಜರಿನ ಗುಣ ಗೊತ್ತಾಗುತ್ತದೆ.

ಮಧ್ಯೆ ಕರೆಂಟ್ ಹೋದರೆ ಬ್ಯಾಟರಿಗೆ ಏನೂ ಆಗುವುದಿಲ್ಲ. ಹೋದಷ್ಟು ಹೊತ್ತು ಕೂಡಿಸಿಕೊಂಡರೆ ಆಯಿತು. ಆದರೆ ಗಂಟೆಗಟ್ಟಲೆ ಬಾರದಿದ್ದರೆ ಪಿನ್ ತೆಗೆದಿಡಿ. ಕೆಲವು ಅಗ್ಗದ ಚಾರ್ಜರ್‌ಗಳು ಕರೆಂಟ್ ಇಲ್ಲದಾಗ ಬ್ಯಾಟರಿಯಿಂದಲೇ ತಮ್ಮ ದೀಪ ಉರಿಸುತ್ತವೆ. ಕರೆಂಟ್ ಬಂದ ಕ್ಷಣದ ಹೊಡೆತದಿಂದಲೂ ಚಾರ್ಜರ್ ಉಳಿಯುತ್ತದೆ.

ನಮ್ಮ ಬಿಸಿಲು, ನಮ್ಮ ಲೆಕ್ಕ

ಬ್ಯಾಟರಿ ಮೇಲೆ ಬರೆದ ಅಂಕಿಗಳೆಲ್ಲ 25 ಡಿಗ್ರಿಗೆ ಹೇಳಿದ್ದು. ಕಲಬುರಗಿಯಲ್ಲಿ, ಯಾದಗಿರಿಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 42, 43 ಡಿಗ್ರಿ ಸಾಮಾನ್ಯ. ತಗಡಿನ ಕೆಳಗೆ ಇನ್ನೂ ಜಾಸ್ತಿ. ಬಿಸಿಯಾದಷ್ಟು ಬ್ಯಾಟರಿ ಹೆಚ್ಚು ಕರೆಂಟ್ ಎಳೆಯುತ್ತದೆ, ಎಳೆದಷ್ಟು ಮತ್ತೆ ಬಿಸಿಯಾಗುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ಬ್ಯಾಟರಿ ಉಬ್ಬುವವರೆಗೂ ನಿಲ್ಲುವುದಿಲ್ಲ.

ಹಾಗಾಗಿ ಶಾಖ ಏರಿದಂತೆ ವೋಲ್ಟೇಜ್ ಇಳಿಸಬೇಕು. 12 ವೋಲ್ಟಿನ ಬ್ಯಾಟರಿಗೆ ಒಂದು ಡಿಗ್ರಿಗೆ ಪಂಪಿನ ಬಳಕೆಯಲ್ಲಿ ಸುಮಾರು 30 ಮಿಲಿವೋಲ್ಟ್ (0.03 ವೋಲ್ಟ್), ಯುಪಿಎಸ್ ಬಳಕೆಯಲ್ಲಿ ಸುಮಾರು 20 ಮಿಲಿವೋಲ್ಟ್ (0.02 ವೋಲ್ಟ್). 40 ಡಿಗ್ರಿ ಅಂದರೆ 15 ಡಿಗ್ರಿ ಜಾಸ್ತಿ. 14.7 ಇದ್ದದ್ದು 14.25ಕ್ಕೆ ಬರಬೇಕು, 13.65 ಇದ್ದದ್ದು 13.35ಕ್ಕೆ. ಪಂಪಿನ ಜೊತೆ ಬರುವ ಸಾದಾ ಚಾರ್ಜರಿಗೆ ಈ ಬುದ್ಧಿ ಸಾಮಾನ್ಯವಾಗಿ ಇರುವುದಿಲ್ಲ. ನಾವು ಮಾಡಬಹುದಾದದ್ದು ಹೊತ್ತು ಬದಲಿಸುವುದು. ಬೇಸಿಗೆಯಲ್ಲಿ ನಸುಕಿನ ನಾಲ್ಕೈದು ಗಂಟೆಗೆ ಎದ್ದಾಗ ಹಾಕಿ, ಬಿಸಿಲು ಏರುವುದರೊಳಗೆ ತೆಗೆಯಿರಿ. ಪೂರ್ತಿ ತುಂಬದಿದ್ದರೆ ಮನೆಯ ಒಳಕೋಣೆಯ ತಂಪಿನಲ್ಲಿ ಮುಂದುವರಿಸಿ. ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಮಾತ್ರ ಚಾರ್ಜ್ ಮಾಡಬೇಡಿ.

ಯುಪಿಎಸ್ ಇಟ್ಟ ಅಂಗಡಿಯವರು ಅದನ್ನು ಕಿಟಕಿ ಬಿಸಿಲಿಗೆ, ಜೆರಾಕ್ಸ್ ಮಷಿನಿನ ಬಿಸಿ ಗಾಳಿಗೆ ಒಡ್ಡಬೇಡಿ. ಶಾಖ ಎಂಟು ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜಾಗ ಬದಲಿಸಲು ದುಡ್ಡು ಬೇಕಾಗಿಲ್ಲ. ಎರಡು ಬ್ಯಾಟರಿ ಸೇರಿಸಿದ 24 ವೋಲ್ಟಿನ ಯುಪಿಎಸ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ವೋಲ್ಟೇಜ್ ಸಮ ಹಂಚಿಕೆ ಆಗುವುದಿಲ್ಲ, ಒಂದು ಉಕ್ಕುತ್ತದೆ, ಇನ್ನೊಂದು ಉಪವಾಸ ಇರುತ್ತದೆ.

ಸೋಲಾರ್ ಪ್ಲೇಟಿನಿಂದ ಚಾರ್ಜ್ ಮಾಡುವವರಿಗೆ

ಝಟ್ಕಾ ಮಷಿನ್ ಇರುವವರಿಗೆ ಇದು ಮುಖ್ಯ. 12 ವೋಲ್ಟಿನ ಪ್ಲೇಟ್ ಅಂದರೂ ಏನೂ ಕಟ್ಟದೆ ಬಿಸಿಲಿಗೆ ಹಿಡಿದರೆ 21, 22 ವೋಲ್ಟ್ ತೋರಿಸುತ್ತದೆ. ನೇರ ಬ್ಯಾಟರಿಗೆ ಕಟ್ಟಬೇಡಿ, ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಅದರಲ್ಲಿ ಬ್ಯಾಟರಿಯ ಜಾತಿ ಆರಿಸುವ ಗುಂಡಿ ಇದ್ದರೆ ಸೀಲ್ಡ್ ಗುರುತಿಗೆ ಇಡಿ. ಮೊದಲು ಬ್ಯಾಟರಿಯ ವೈರ್, ಆಮೇಲೆ ಪ್ಲೇಟಿನ ವೈರ್ ಸೇರಿಸಿ. ಬಿಚ್ಚುವಾಗ ಉಲ್ಟಾ. ಬ್ಯಾಟರಿ ಡಬ್ಬಿಯನ್ನು ಪ್ಲೇಟಿನ ನೆರಳಲ್ಲೇ ಕೂರಿಸಿ, ಡಬ್ಬಿಗೆ ಗಾಳಿಯ ತೂತು ಇರಲಿ.

ಪೂರ್ತಿ ಸತ್ತಂತೆ ಕಾಣುವ ಬ್ಯಾಟರಿ

ಮೀಟರಿನಲ್ಲಿ 7, 8 ವೋಲ್ಟ್ ಇದ್ದರೆ ಕೆಲವು ಚಾರ್ಜರ್ ಅದನ್ನು ಬ್ಯಾಟರಿ ಅಂತಲೇ ಒಪ್ಪುವುದಿಲ್ಲ. ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಗೊತ್ತು ಮಾಡಿ ಇಡಬಹುದಾದ ಪವರ್ ಸಪ್ಲೈ ರಿಪೇರಿ ಅಂಗಡಿಗಳಲ್ಲಿ ಇರುತ್ತದೆ. 14.4 ವೋಲ್ಟ್, 0.4 ಆಂಪಿಯರಿಗೆ ಇಟ್ಟು, ಪಕ್ಕದಲ್ಲಿ ಕುಳಿತು ಪ್ರಯತ್ನಿಸುತ್ತೇನೆ. ಮೊದಲು ಕರೆಂಟ್ ಹರಿಯುವುದೇ ಇಲ್ಲ. ಒಳ್ಳೆಯ ಲಕ್ಷಣ ಇದ್ದರೆ ಒಂದೆರಡು ಗಂಟೆಯಲ್ಲಿ ನಿಧಾನ ಹರಿಯಲು ಶುರುವಾಗುತ್ತದೆ. ಒಂದು ತಿಂಗಳ ಹಿಂದೆ ಖಾಲಿಯಾದದ್ದು ಎಷ್ಟೋ ಸಲ ಎದ್ದು ಕೂರುತ್ತದೆ. ಒಂದು ಬೇಸಿಗೆ ಕಳೆದದ್ದು ಏಳುವುದು ಅಪರೂಪ, ಎದ್ದರೂ ನಾಲ್ಕು ಟ್ಯಾಂಕಿಗೆ ಸುಸ್ತು.

ಮೇಲಿನ ಪಟ್ಟಿ ಕಿತ್ತು ಆಸಿಡ್ ಹಾಕಿ ಜೀವ ಕೊಡುತ್ತೇವೆ ಅನ್ನುವವರ ಮಾತು ಕೇಳಬೇಡಿ. ಒಳಗೆ ಹೋಗಿರುವುದು ನೀರು, ಆಸಿಡ್ ಅಲ್ಲ. ಆಸಿಡ್ ಸುರಿದರೆ ಉಳಿದ ತಟ್ಟೆಯೂ ಬೇಗ ಹಾಳಾಗುತ್ತದೆ, ವಾಲ್ವೂ ಕೆಡುತ್ತದೆ, ಬೆನ್ನ ಮೇಲೆ ಹೊತ್ತಾಗ ಸೋರುತ್ತದೆ. ಆಸಿಡ್ ಮೈಗೆ ತಾಗಿದರೆ ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ನೇರ ಆಸ್ಪತ್ರೆಗೆ ಹೋಗಿ, ಸಂಜೆಯವರೆಗೆ ಕಾಯಬೇಡಿ.

ಸಂಕ್ರಾಂತಿಯಿಂದ ಕಾರ ಹುಣ್ಣಿಮೆವರೆಗೆ

ಇಷ್ಟೂ ಬರೆದದ್ದು ಈ ಭಾಗಕ್ಕಾಗಿಯೇ. ತೊಗರಿ ಕಟಾವು ಮುಗಿದ ಮೇಲೆ ಪಂಪಿಗೆ ಕೆಲಸ ಇಲ್ಲ. ಆದರೆ ಬ್ಯಾಟರಿ ಸುಮ್ನೆ ಇದ್ದರೂ ಒಳಗೊಳಗೇ ಖರ್ಚಾಗುತ್ತದೆ. 25 ಡಿಗ್ರಿಯಲ್ಲಿ ತಿಂಗಳಿಗೆ ಸುಮಾರು ಶೇಕಡಾ 3 ಇಳಿಯುತ್ತದೆ. ಹತ್ತು ಡಿಗ್ರಿ ಏರಿದರೆ ಅದು ಸುಮಾರು ಎರಡರಷ್ಟಾಗುತ್ತದೆ. ನಮ್ಮ ಮೇ ತಿಂಗಳಲ್ಲಿ ಎಷ್ಟಾದೀತು ಲೆಕ್ಕ ಹಾಕಿ. ಪಂಪಿನ ಮೈಮೇಲೆ ವೋಲ್ಟ್ ತೋರಿಸುವ ಚಿಕ್ಕ ಮೀಟರ್ ಇದ್ದು, ಅದರ ಸ್ವಿಚ್ ಹಾಗೇ ಉಳಿದಿದ್ದರೆ ಕೆಲವೇ ವಾರಗಳಲ್ಲಿ ಖಾಲಿ.

ಆದ್ದರಿಂದ ಕೊನೆಯ ಸಲ ಎಣ್ಣೆ ಹೊಡೆದ ದಿನವೇ ಪೂರ್ತಿ ಚಾರ್ಜ್ ಮಾಡಿ. ಪಂಪಿನ ಕೆಳಗಿನ ಮುಚ್ಚಳ ಬಿಚ್ಚಿ ಬ್ಯಾಟರಿಯ ಒಂದು ವೈರ್ ತೆಗೆದು, ತುದಿಗೆ ಟೇಪ್ ಸುತ್ತಿ. ಮನೆಯ ಅತಿ ತಂಪು ಮೂಲೆಯಲ್ಲಿ ಇಡಿ. ಆಮೇಲೆ ದಿನಾಂಕ ನೆನಪಿಡುವ ಬದಲು ಹಬ್ಬ ನೆನಪಿಡಿ: ಸಂಕ್ರಾಂತಿಗೆ ಒಮ್ಮೆ, ಮಾರ್ಚ್ ಸುಮಾರಿಗೆ ಬರುವ ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಒಮ್ಮೆ, ಬಸವ ಜಯಂತಿಗೆ ಒಮ್ಮೆ, ಜೂನ್ ಸುಮಾರಿಗೆ ಎತ್ತು ತೊಳೆದು ಸಿಂಗರಿಸುವ ಕಾರ ಹುಣ್ಣಿಮೆಗೆ ಒಮ್ಮೆ ಚಾರ್ಜ್ ಮಾಡಿ. ಹೆಚ್ಚುಕಡಿಮೆ ಎರಡು ತಿಂಗಳಿಗೊಮ್ಮೆ ಬೀಳುತ್ತದೆ. ಅಂಗಡಿಗೆ ಬಂದ ಒಬ್ಬ ಕಾಕಾ ಎತ್ತಿನ ಮೈ ತೊಳೆಯುವ ದಿನವೇ ಪಂಪಿಗೂ ಚಾರ್ಜ್ ಹಾಕುತ್ತೇನೆ ಅಂದರು. ಅವರ ಬ್ಯಾಟರಿ ಈಗ ನಾಲ್ಕನೇ ವರ್ಷದಲ್ಲಿದೆ.

ಹಂಗಾಮಿನಲ್ಲಿ ಹೊಡೆಯುವಾಗಲೂ ಪೂರ್ತಿ ನಿಲ್ಲುವವರೆಗೆ ಓಡಿಸಬೇಡಿ. ಪಂಪ್ ಓಡುತ್ತಿರುವಾಗ ಮೀಟರ್ 11ರ ಹತ್ತಿರ ಬಂದರೆ ನಿಲ್ಲಿಸಿ. 10.5 ಕೊನೆಯ ಗೆರೆ. ಎಷ್ಟೇ ದಣಿದಿದ್ದರೂ ಅವತ್ತು ಸಂಜೆಯೇ ಚಾರ್ಜಿಗೆ ಹಾಕಿ. ಹೊಸದಿದ್ದಾಗ ಒಂದು ಚಾರ್ಜಿಗೆ ಎಷ್ಟು ಟ್ಯಾಂಕ್ ಬಂತು ಅಂತ ಮುಚ್ಚಳದ ಒಳಗೆ ಬರೆದಿಡಿ. ಅದು ಅರ್ಧಕ್ಕೆ ಇಳಿದರೆ ಬದಲಿಸುವ ಕಾಲ ಬಂದಿದೆ.

ಹಳೆಯದನ್ನು ಕೊಟ್ಟು ಹೊಸದನ್ನು ತರುವಾಗ

ಸತ್ತ ಬ್ಯಾಟರಿಯನ್ನು ಬಾವಿ ಪಕ್ಕ, ತಿಪ್ಪೆಗೆ ಎಸೆಯಬೇಡಿ. ಒಡೆದು ಸೀಸ ತೆಗೆಯುವ ಕೆಲಸ ಮನೆಯಲ್ಲಿ ಬೇಡ. ಸೀಸದ ಧೂಳು ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಮಾರುವ ಅಂಗಡಿಗೇ ಕೊಡಿ. ತೂಕಕ್ಕೆ ಬೆಲೆ ಇದೆ, ಹೊಸದರಲ್ಲಿ ಅಷ್ಟು ಕಡಿಮೆ ಮಾಡಿಸಿ.

ಹೊಸದು ಕೊಳ್ಳುವಾಗ ಮೀಟರ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಡಬ್ಬಿ ಬಿಚ್ಚಿಸಿ ಅಂಗಡಿಯಲ್ಲೇ ವೋಲ್ಟೇಜ್ ನೋಡಿ. ಅದು ಕೂಡ ಒಂದು ಬೇಸಿಗೆಯನ್ನು ಗೋದಾಮಿನಲ್ಲಿ ಕಳೆದಿರಬಹುದು. 12.7ರ ಮೇಲೆ ಇದ್ದರೆ ದುಡ್ಡು ಕೊಡಿ. 12.4ಕ್ಕಿಂತ ಕಡಿಮೆ ಇದ್ದರೆ "ಬ್ಯಾರೇದು ತೋರ್ಸ್ರಿ" ಅನ್ನಿ.